ಗಾಳಿ ಸಮ ಇದೆ ಎಂದೆ

ಅಂದು ಗಾಳಿ ಸಮವಾಗಿರಲಿಲ್ಲ. ಸಮ ಇದೆ ಎಂದು ವಾಕಿಟಾಕಿಯಲ್ಲಿ ಹೇಳಿದವಳು ನಾನು. ಆ ಮಾತು ನಂಬಿ ಹೊರಟ ಕ್ಯಾಪ್ಟನ್ ವಿನೋದ್ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಸತ್ತರು. ಅವರನ್ನು ಉಳಿಸಲು ನೀರಿಗೆ ಧುಮುಕಿದ ಜವರಯ್ಯ ಎಂಬವರು ಎಂಟು ವರ್ಷ ಆ ಸಾವಿನ ಅಪವಾದ ಹೊತ್ತು ಬದುಕಿದರು. ಅದನ್ನು ಅವರ ಮೇಲೆ ಹೊರಿಸಿದವಳೂ ನಾನೇ.

ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ಐದೇ ಐದು ಸಾಲು.

ನನ್ನ ಹೆಸರು ಗಿರಿಜಾ. ಊರು ಚನ್ನರಾಯಪಟ್ಟಣ. ಅಪ್ಪನದು ಅಲ್ಲಿ ಕೊಬ್ಬರಿ ಮಂಡಿ. ಈಗ ಅಣ್ಣ ನೋಡಿಕೊಳ್ಳುತ್ತಾನೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಹಾಸನದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ — ಪ್ರತಿ ವರ್ಷ ಏಪ್ರಿಲ್‌ಗೆ ಕೆಲಸ ಹೋಗುತ್ತಿತ್ತು, ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಥ ಒಂದು ವರ್ಷ ಹಿನ್ನೀರಿಗೆ ಸಣ್ಣ ವಿಮಾನವೊಂದು ಬಂತು. ನೀರಿನ ಮೇಲೆಯೇ ಇಳಿದು ನೀರಿನ ಮೇಲಿಂದಲೇ ಏರುವ ವಿಮಾನ. ಚಕ್ರದ ಬದಲು ಅದಕ್ಕೆ ದೋಣಿಯಂಥ ಎರಡು ಉದ್ದನೆಯ ಕಾಲುಗಳು. ಪ್ರವಾಸಿಗರನ್ನು ಕೂರಿಸಿಕೊಂಡು ಒಂದು ಸುತ್ತು ಹಾರಿಸುವುದು ಕಂಪನಿಯವರ ಯೋಜನೆ. ಕಟ್ಟಾಯದ ಕಡೆಯ ದಡದಲ್ಲಿ ಒಂದು ಶೆಡ್ಡು ಹಾಕಿ, ವಿಮಾನಕ್ಕೆ ಹತ್ತಲು ನೀರಿನ ಮೇಲೆ ತೇಲುವ ಜೆಟ್ಟಿ ಕಟ್ಟಿದರು. ಉಪಕರಣ ಓದಿ ದಾಖಲಿಸಲು ಜನ ಬೇಕೆಂದು ಕೇಳಿ ಹೋದೆ. ಆರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದರು.

ನನ್ನ ಕೆಲಸ ಗಾಳಿ ಅಳೆಯುವುದು. ದಡದ ಕಂಬದ ಮೇಲೆ ತಿರುಗುವ ಬಟ್ಟಲುಗಳ ಮೀಟರು, ಕೆಳಗೆ ಮೇಜಿನ ಮೇಲೆ ಅದರ ಅಂಕಿ ತೋರಿಸುವ ಪೆಟ್ಟಿಗೆ. ಹೊರಡುವ ಮುಂಚೆ ಕ್ಯಾಪ್ಟನ್‌ಗೆ ಎರಡು ಅಂಕಿ ಹೇಳಬೇಕು. ಗಾಳಿ ಸಾಮಾನ್ಯವಾಗಿ ಎಷ್ಟಿದೆ, ಕಳೆದ ಹತ್ತು ನಿಮಿಷದಲ್ಲಿ ಅತಿ ಹೆಚ್ಚು ಎಷ್ಟಕ್ಕೆ ಏರಿತ್ತು.

ಎರಡನೆಯ ಅಂಕಿ ಯಾಕೆ ಮುಖ್ಯ ಎಂದು ಕ್ಯಾಪ್ಟನ್ ವಿನೋದ್ ಮೊದಲ ದಿನವೇ ಜೆಟ್ಟಿಯ ಮೇಲೆ ಕೂರಿಸಿ ಹೇಳಿದ್ದರು. ಮೈಸೂರಿನವರು, ನಲವತ್ತರ ಆಸುಪಾಸು, ಮೆಲುದನಿ. "ಇದಕ್ಕೆ ಬ್ರೇಕ್ ಇಲ್ಲ ಮೇಡಂ. ಇಂಜಿನ್ ಶುರುವಾದ ತಕ್ಷಣ ಹೊರಟೇಬಿಡುತ್ತೆ, ಹಿಡಿದು ನಿಲ್ಲಿಸೋಕಾಗಲ್ಲ. ವೇಗ ಬಂದ ಮೇಲೆ ಕಾಲುಗಳು ನೀರಿನ ಮೇಲೆ ಜಾರೋಕೆ ಶುರುಮಾಡ್ತವೆ. ಆ ಹತ್ತಿಪ್ಪತ್ತು ಸೆಕೆಂಡು ಇದೆಯಲ್ಲ, ಅದೇ ಕಷ್ಟ. ಆಗ ದಿಢೀರನೆ ಜೋರು ಗಾಳಿ ಬಂದರೆ, ಹಾರೋ ವೇಗ ಬರೋ ಮೊದಲೇ ಮೇಲಕ್ಕೆ ಎತ್ತಿಬಿಡುತ್ತೆ. ಮರುಕ್ಷಣ ಗಾಳಿ ನಿಂತರೆ ಕೆಳಗೆ ಬೀಳ್ತೀವಿ. ಒಂದು ಕಾಲು ಮೊದಲು ನೀರಿಗೆ ನಾಟಿಕೊಂಡರೆ ಮಗುಚಿಕೊಳ್ಳುತ್ತೆ." ಒಂದೇ ಸಮನೆ ಬೀಸುವ ಗಾಳಿ ಎಷ್ಟಿದ್ದರೂ ತಮಗೆ ಅಷ್ಟು ಹೆದರಿಕೆಯಿಲ್ಲ, ಏರಿ ಇಳಿಯುವ ಗಾಳಿಯೇ ಹೆದರಿಕೆ ಎಂದರು. ಎರಡು ಅಂಕಿಗಳ ನಡುವೆ ಹತ್ತು ನಾಟ್ ವ್ಯತ್ಯಾಸವಿದ್ದರೆ ಅವರು ಹೊರಡುತ್ತಿರಲಿಲ್ಲ. ಗಾಳಿಯ ವೇಗವನ್ನು ಅವರು ಹೇಳುತ್ತಿದ್ದದ್ದು ನಾಟ್ ಲೆಕ್ಕದಲ್ಲಿ.

ಅಂದರೆ — ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಎಲ್ಲ ಗೊತ್ತಿತ್ತು.

ಜವರಯ್ಯನವರು ಮಲ್ಲಿಪಟ್ಟಣದ ಕಡೆಯವರು. ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದರು. ನೀರಿನ ಗುಣ ಅವರಷ್ಟು ಬಲ್ಲವರಿಲ್ಲವೆಂದು ಕಂಪನಿಯವರು ಕಾವಲು ದೋಣಿಗೆ ಅವರನ್ನೇ ಇಟ್ಟುಕೊಂಡಿದ್ದರು. ವಿಮಾನ ಏರುವಾಗ, ಇಳಿಯುವಾಗ ಒಂದು ಕಡೆ ಮೋಟಾರ್ ದೋಣಿಯಲ್ಲಿ ಕಾದಿರಬೇಕು, ಏನಾದರೂ ಆದರೆ ನೆರವಿಗೆ ಓಡಬೇಕು — ಅದು ಅವರ ಕೆಲಸ. ನಾನು ಪೆಟ್ಟಿಗೆಯಲ್ಲಿ ನೋಡಿ ಹೇಳುವುದನ್ನು ಅವರು ನೀರು ನೋಡಿ ಹೇಳುತ್ತಿದ್ದರು. "ಅಗೋ ಮೇಡಂ, ಅಲ್ಲಿ ನೀರು ಕರ್ರಗಾಯ್ತಲ್ಲ? ಆ ಕರೀ ಪಟ್ಟೆ ಇತ್ಲಾಗೇ ಬತ್ತದೆ. ಬಂದ್ಮೇಲೆ ನೋಡಿ, ನಿಮ್ಮ ಬಟ್ಲು ಎಂಗೆ ತಿರುಗ್ತದೆ." ಹಾಗೇ ಆಗುತ್ತಿತ್ತು. ಅಲ್ಲಿ ನನಗೆ ನಗು ಬರಿಸುತ್ತಿದ್ದ ಒಬ್ಬರೇ ಒಬ್ಬರು ಅವರು.

ಬೇಸಿಗೆಯೆಲ್ಲ ಚೆನ್ನಾಗಿಯೇ ನಡೆಯಿತು. ಆಷಾಢ ಬಂತು. ನಮ್ಮ ಕಡೆ ಆಷಾಢದ ಗಾಳಿ ಹೇಗೆಂದು ಹೇಳಬೇಕಾಗಿಲ್ಲ. ಅದೇ ಹೊತ್ತಿಗೆ ಕಂಪನಿಗೆ ಬೇಕಾದ ದೊಡ್ಡವರು ಕೆಲವರು ನೋಡಲು ಬಂದರು. ಮೊದಲ ದಿನ ನನ್ನ ಅಂಕಿ ಕೇಳಿ ಕ್ಯಾಪ್ಟನ್ ಬೇಡ ಎಂದರು. ಎರಡನೆಯ ದಿನವೂ ಬೇಡ ಎಂದರು. ಮೂರನೆಯ ದಿನ ಅತಿಥಿಗಳು ಮತ್ತೆ ಬಂದು ಕುರ್ಚಿಗಳಲ್ಲಿ ಕೂತರು. ಮ್ಯಾನೇಜರು ಎಲ್ಲರ ಮುಂದೆ, ನನ್ನ ಕಡೆ ಕೈ ತೋರಿಸಿ, "ಈ ಮೇಡಂ ಇರೋವರೆಗೂ ನಮ್ಮ ವಿಮಾನ ದೋಣಿಯಾಗೇ ಇರುತ್ತೆ ಸಾರ್" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೆ ಮೈಯೆಲ್ಲ ಉರಿಯಿತು.

ಇದನ್ನು ಕಾರಣವೆಂದು ಹೇಳುತ್ತಿಲ್ಲ. ಎಷ್ಟೋ ಜನರನ್ನು ನೋಡಿ ನಾಲ್ಕು ಜನ ನಗುತ್ತಾರೆ. ಅವರೆಲ್ಲ —

ಬೆಳಗ್ಗೆ ಹನ್ನೊಂದರ ಸುಮಾರು. ಬಿಸಿಲು ಬಂದಿತ್ತು, ಗಾಳಿ ಸ್ವಲ್ಪ ಇಳಿದಿತ್ತು. ಹನ್ನೊಂದು ನಾಟ್, ಹನ್ನೆರಡು, ಮತ್ತೆ ಹನ್ನೊಂದು. ಮೊದಲು ಒಬ್ಬನೇ ಒಂದು ಸುತ್ತು ಹೋಗಿಬರುತ್ತೇನೆ, ಆಮೇಲೆ ಅತಿಥಿಗಳು ಹತ್ತಲಿ ಎಂದು ಹೇಳಿ ಕ್ಯಾಪ್ಟನ್ ವಿಮಾನಕ್ಕೆ ಹತ್ತಿದರು. ಜವರಯ್ಯ ತಮ್ಮ ಜಾಗಕ್ಕೆ ದೋಣಿ ಬಿಟ್ಟುಕೊಂಡು ಹೋದರು. ಆಗ ಅಂಕಿ ಏರಿತು. ಹದಿನಾರು, ಇಪ್ಪತ್ತು, ಇಪ್ಪತ್ಮೂರು. ಶೆಡ್ಡಿನ ತಗಡು ಒಮ್ಮೆ ಬಡಿದುಕೊಂಡಿತು. ನಾನು ನೋಡುತ್ತಿದ್ದಂತೆಯೇ ಇಳಿದು ಮತ್ತೆ ಹನ್ನೆರಡಕ್ಕೆ ಬಂದು ನಿಂತಿತು. ಅತಿ ಹೆಚ್ಚಿನ ಅಂಕಿ ಮಾತ್ರ ಪೆಟ್ಟಿಗೆಯ ಮೂಲೆಯಲ್ಲಿ ಹಾಗೇ ಉಳಿದುಕೊಂಡಿತ್ತು — ಇಪ್ಪತ್ಮೂರು. ಅದನ್ನು ಅಳಿಸಲು ಒಂದು ಗುಂಡಿ ಇದೆ. ಅಂಕಿ ಹೇಳಿ ಪುಸ್ತಕದಲ್ಲಿ ಬರೆದ ಮೇಲಷ್ಟೇ ಒತ್ತಬೇಕಾದ ಗುಂಡಿ.

ನಾನು ಅದನ್ನು ಒತ್ತಿದೆ.

ಒತ್ತುವಾಗ ಏನು ಯೋಚಿಸಿದೆ ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಒಂದೇ ಒಂದು ಸಲ ಬಂದು ಹೋದ ಗಾಳಿ, ಇನ್ನು ಬರಲಾರದು ಎಂದುಕೊಂಡೆನೇ? ಇವತ್ತೂ ನನ್ನಿಂದ ನಿಂತಿತು ಎನ್ನಿಸಿಕೊಳ್ಳಲಾರೆ ಎಂದುಕೊಂಡೆನೇ? ಎರಡೂ ಇರಬೇಕು. ಬೆರಳು ಮಾತ್ರ ತಡವರಿಸಲಿಲ್ಲ.

"ಗಾಳಿ ಹೇಳಿ ಗಿರಿಜಾ ಮೇಡಂ."

"ಹನ್ನೊಂದು, ಹನ್ನೆರಡು."

"ಅತಿ ಹೆಚ್ಚು?"

"ಹದಿಮೂರು. ಸಮ ಇದೆ."

"ಸಮ ಇದೆಯಾ?"

"ಸಮ ಇದೆ ಸರ್."

"ಸರಿ, ಹೊರಟೆ."

ವಿಮಾನ ಹೊರಟಿತು. ಮೂತಿ ಮೇಲೆತ್ತಿ ನೀರು ಸೀಳಿಕೊಂಡು ಹೋಯಿತು, ಆಮೇಲೆ ಮಟ್ಟಸವಾಗಿ ಜಾರತೊಡಗಿತು. ಆಗಲೇ ನಾನು ಪಡುವಣ ದಿಕ್ಕಿನಲ್ಲಿ ನೀರು ಕಪ್ಪಾಗಿದ್ದನ್ನು ನೋಡಿದ್ದು. ಅಗಲವಾದ ಪಟ್ಟೆ, ಓಡಿ ಬರುತ್ತಿತ್ತು. ಜವರಯ್ಯ ನನಗಿಂತ ಮೊದಲೇ ನೋಡಿದ್ದರು. ತಮ್ಮ ಜಾಗ ಬಿಟ್ಟು, ದೋಣಿಯನ್ನು ವಿಮಾನದ ಕಡೆಗೆ ತಿರುಗಿಸಿ, ಎದ್ದು ನಿಂತು, ಹೆಗಲ ಮೇಲಿನ ಟವೆಲ್ ಬೀಸುತ್ತಿದ್ದರು. ಏನೋ ಕೂಗುತ್ತಿದ್ದರು. ಇಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ನನ್ನ ಕೈಯಲ್ಲಿ ವಾಕಿಟಾಕಿ ಇತ್ತು. ಗುಂಡಿ ಒತ್ತಿ "ಸರ್" ಎಂದೆ. ಅಷ್ಟೇ ಎಂದೆ. ಮುಂದೆ ಏನು ಹೇಳಬೇಕಿತ್ತು — ನಿಲ್ಲಿಸಿ ಎಂದೇ? ಅವರೇ ಹೇಳಿದ್ದರಲ್ಲ, ಹಿಡಿದು ನಿಲ್ಲಿಸಲಾಗುವುದಿಲ್ಲ ಎಂದು.

ವಿಮಾನ ತಟ್ಟನೆ ಮೇಲೆದ್ದಿತು. ಹಾರಿತು ಎಂದು ಕುರ್ಚಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮರುಕ್ಷಣ ಎಡಕ್ಕೆ ವಾಲಿ ಕೆಳಗಿಳಿಯಿತು, ಎಡಗಾಲು ನೀರಿಗೆ ನಾಟಿತು, ಇಡೀ ವಿಮಾನ ಆ ಕಾಲಿನ ಮೇಲೆ ತಿರುಗಿ ಬೋರಲಾಯಿತು. ಎರಡು ಕಾಲುಗಳು ಮಾತ್ರ ನೀರಿನ ಮೇಲೆ ಕಾಣುತ್ತಿದ್ದವು. ಕ್ಯಾಪ್ಟನ್ ಕೆಳಗೆ, ಬೆಲ್ಟಿನಲ್ಲಿ, ತಲೆಕೆಳಗಾಗಿ ಇದ್ದರು.

ಜವರಯ್ಯ ತಲುಪಿ ಧುಮುಕಿದರು. ಮೇಲೆ ಬಂದು ಉಸಿರೆಳೆದುಕೊಂಡು ಮತ್ತೆ ಹೋದರು. ಮತ್ತೆ ಬಂದರು, ಮತ್ತೆ ಹೋದರು. ನೀರಿನ ಒತ್ತಡಕ್ಕೆ ಬಾಗಿಲು ತೆರೆಯುತ್ತಿರಲಿಲ್ಲವಂತೆ. ದಡದಲ್ಲಿ ನಾವು ಇಷ್ಟು ಜನ ನಿಂತಿದ್ದೆವು. ನನಗೆ ಈಜು ಬರುವುದಿಲ್ಲ. ಬಂದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ. ಮೊಣಕಾಲುದ್ದ ನೀರಿಗೆ ಇಳಿದು, ವಾಕಿಟಾಕಿಯನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದೆ. ಅದರಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಆದರೂ ತೆಗೆಯಲಿಲ್ಲ. ನಾಲ್ಕನೆಯ ಸಲ ಜವರಯ್ಯ ಅವರನ್ನು ಎಳೆದುಕೊಂಡು ಬಂದರು. ಹಾಸನದ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಅಲ್ಲ, ನೀರಿನಲ್ಲೇ ಮುಗಿದಿತ್ತು.

ಅಲ್ಲಿಗೆ ನಿಂತಿದ್ದರೆ ನನ್ನ ತಪ್ಪು ಒಂದೇ ಆಗಿರುತ್ತಿತ್ತು.

ಅತಿಥಿಗಳಲ್ಲಿ ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರು. ಅದರಲ್ಲಿ ವಿಮಾನ ಓಡುತ್ತಿದೆ, ಒಂದು ದೋಣಿ ಅದರ ಕಡೆಗೆ ಬರುತ್ತಿದೆ, ವಿಮಾನ ಮಗುಚುತ್ತದೆ. ಗಾಳಿ ವಿಡಿಯೋದಲ್ಲಿ ಕಾಣುವುದಿಲ್ಲ. ದೋಣಿ ಅಡ್ಡ ಬಂತು, ದೋಣಿ ಎಬ್ಬಿಸಿದ ಅಲೆಗೆ ವಿಮಾನದ ಕಾಲು ಸಿಕ್ಕಿಕೊಂಡಿತು ಎಂದು ಸಂಜೆಯೊಳಗೆ ಎಲ್ಲರ ಬಾಯಲ್ಲಿ. ಮ್ಯಾನೇಜರು ನನ್ನ ಹತ್ತಿರ ಬಂದು, "ನೀವು ಗಾಳಿ ಸರಿಯಾಗೇ ಹೇಳಿದ್ದೀರಿ ಅಲ್ವಾ?" ಎಂದು ಕೇಳಿದರು. ನಾನು ಹೌದು ಎಂದೆ. ಅವರು ಇನ್ನೇನೂ ಕೇಳಲಿಲ್ಲ.

ವಿಚಾರಣೆ ಹಾಸನದಲ್ಲಿ ನಡೆಯಿತು. ಮೇಜಿನ ಆಚೆ ಇಬ್ಬರು ಅಧಿಕಾರಿಗಳು, ಒಬ್ಬ ಗುಮಾಸ್ತ. ಗಾಳಿ ಎಷ್ಟಿತ್ತು ಎಂದರು. ದಾಖಲೆಯ ಪುಸ್ತಕದಲ್ಲಿ ನಾನೇ ಬರೆದದ್ದನ್ನು ಓದಿದೆ. ದೋಣಿ ಅಡ್ಡ ಬಂತೇ ಎಂದರು. ನಾನು ನೋಡಿದ್ದೆ. ದೋಣಿ ವಿಮಾನದ ದಾರಿಯಿಂದ ಎಷ್ಟೋ ದೂರದಲ್ಲಿತ್ತು, ಅದರ ಅಲೆ ಅಲ್ಲಿಗೆ ಮುಟ್ಟುವ ಮಾತೇ ಇರಲಿಲ್ಲ. ಇಲ್ಲ ಎಂದರೆ ಮುಂದಿನ ಪ್ರಶ್ನೆ — ಹಾಗಾದರೆ ಯಾಕೆ ಮಗುಚಿತು?

"ಬಂದ ಹಾಗಿತ್ತು ಸರ್" ಎಂದೆ.

ಗುಮಾಸ್ತ ಬರೆದುಕೊಂಡ. ಸಹಿ ಹಾಕಿದೆ.

ಹೊರಗೆ ಬೆಂಚಿನ ಮೇಲೆ ಜವರಯ್ಯ ಕೂತಿದ್ದರು. ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ನನ್ನನ್ನು ನೋಡಿ ಎದ್ದು ನಿಂತು, "ಏಳಿದ್ರಾ ಮೇಡಂ, ಗಾಳಿ ಬಂದಿದ್ನ?" ಎಂದು ಕೇಳಿದರು.

"ಹೇಳಿದೆ" ಎಂದೆ.

"ಆಗಿದ್ರೆ ಸರಿ ಬುಡಿ" ಎಂದು ಸಮಾಧಾನದಿಂದ ಕೂತರು. ನಾನು ಬಸ್ ಸ್ಟ್ಯಾಂಡಿನವರೆಗೆ ನಡೆದುಕೊಂಡು ಬಂದೆ.

ದೋಣಿ ಅಡ್ಡ ಬಂದದ್ದೇ ಕಾರಣವೆಂದು ವಿಚಾರಣೆ ಮುಗಿಯಿತು. ಕಂಪನಿ ಶೆಡ್ಡು ಕಿತ್ತುಕೊಂಡು ಹೋಯಿತು. ನನಗೆ ಹಾಸನದ ಇನ್ನೊಂದು ಕಾಲೇಜಿನಲ್ಲಿ ಕಾಯಂ ಕೆಲಸ ಸಿಕ್ಕಿತು, ಮದುವೆಯಾಯಿತು. ಜವರಯ್ಯನವರಿಗೆ ಹಿನ್ನೀರಿನಲ್ಲಿ ಮೀನು ಹಿಡಿಯಲು ಬಿಡಲಿಲ್ಲವೆಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ವಿಷಯ ಬದಲಿಸಿದೆ. ಮೀನು ಗುತ್ತಿಗೆದಾರನಿಗೆ ಅವರನ್ನು ತೆಗೆದುಹಾಕಲು ಒಂದು ನೆಪ ಸಾಕಿತ್ತು. ನಮ್ಮಂಥ ಮಂಡಿಯವರ ಮಗಳ ಸಹಿಗೆ ಅವರ ಕೇರಿಯವರೊಬ್ಬರ ಮಾತಿಗಿಂತ ತೂಕ ಹೆಚ್ಚು ಎಂಬುದು, ಸಹಿ ಹಾಕುವಾಗ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಧೈರ್ಯದ ಮೇಲೆಯೇ ಹಾಕಿದ್ದು.

ಈ ವರ್ಷ ಯುಗಾದಿಗೆ ತವರಿಗೆ ಹೋದಾಗ, ಅಣ್ಣನಿಗೆ ಊಟ ಕೊಡಲು ಮಂಡಿಗೆ ಹೋದೆ. ಲಾರಿಗೆ ಮೂಟೆ ಹೊರುತ್ತಿದ್ದ ಹಮಾಲಿಗಳಲ್ಲಿ ಒಬ್ಬರು ಮೂಟೆ ಇಳಿಸಿ ನನ್ನನ್ನೇ ನೋಡಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾತಾಡಿದ ಮೇಲೆ ಗುರುತು ಹತ್ತಿತು.

"ಚೆನ್ನಾಗಿದ್ದೀರಾ ಮೇಡಂ?"

ನಾನು ಏನೋ ಅಂದೆ. ಅವರು ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ನಿಮ್ಮನ್ನ ಒಂದ್ಮಾತು ಕೇಳ್ಬೇಕು ಅಂತಿದ್ದೆ. ನಂಗೆ ಅವತ್ತು ದೋಣಿ ಅಷ್ಟು ಅತ್ರ ಓಯ್ತು ಅಂತ ಗೊತ್ತೇ ಆಗ್ನಿಲ್ಲ ಕಣಮ್ಮ. ಗಾಳಿ ಬತ್ತದೆ ಅಂತ ಏಳಾಕೆ ಓದೆ. ನನ್ನ ಜಾಗ ಬುಟ್ಟು ಓಗ್ಬಾರ್ದಾಗಿತ್ತು. ಎಲ್ರೂ ನೋಡವ್ರೆ ಅಂದ್ಮೇಲೆ ನಂದೇ ಇರ್ಬೇಕು. ನಂಗೆ ಅದೊಂದು —" ಎಂದು ನಿಲ್ಲಿಸಿದರು. ಆಮೇಲೆ ಹೇಳಿದರು, ವರ್ಷಕ್ಕೊಮ್ಮೆ ಆ ದಿನ ತಾವು ಉಪವಾಸ ಇರುವುದಾಗಿ. ಕ್ಯಾಪ್ಟನ್ ಸಾಹೇಬರ ಹೆಸರಿನಲ್ಲಿ.

ನಾನು ಅವರ ಮೇಲೆ ಅಪವಾದ ಮಾತ್ರ ಹೊರಿಸಿದ್ದೇನೆಂದುಕೊಂಡಿದ್ದೆ. ಅವರು ಅದನ್ನು ನಂಬಿಬಿಟ್ಟಿದ್ದರು. ತಮ್ಮ ಕಣ್ಣಿಗಿಂತ ನನ್ನ ಸಹಿಯನ್ನು ನಂಬಿದ್ದರು.

ಆ ಕ್ಷಣ ಹೇಳಬೇಕಿತ್ತು. "ಅಣ್ಣ ಕಾಯ್ತಿದ್ದಾನೆ" ಎಂದು ಹೇಳಿ ಒಳಗೆ ಹೋದೆ. ಹೌದು, ಮತ್ತೆ. ಮಂಡಿಯೊಳಗೆ ನಿಂತು ಅಣ್ಣ ಊಟ ಮಾಡುವುದನ್ನು ನೋಡಿದೆ. ಹೊರಗೆ ಬರುವಾಗ ಲಾರಿ ಹೋಗಿತ್ತು, ಅವರೂ ಇರಲಿಲ್ಲ.

ಮೂರು ವಾರ ನನಗೆ ಪಾಠ ಮಾಡಲಾಗಲಿಲ್ಲ. ಬೋರ್ಡಿನ ಮೇಲೆ ಅಂಕಿ ಬರೆಯುವಾಗ ಕೈ ನಿಲ್ಲುತ್ತಿತ್ತು. ಗಂಡನಿಗೆ ಹೇಳಿದೆ. ಅವರು, "ನನಗೆ ಹೇಳಿದರೆ ಏನು ಬಂತು?" ಎಂದರು. ಮರುದಿನ ಬಸ್ ಹತ್ತಿ ಚನ್ನರಾಯಪಟ್ಟಣಕ್ಕೆ ಹೋದೆ. ಮಂಡಿಯ ಹಿಂದಿನ ಹೊಂಗೆ ಮರದ ಕೆಳಗೆ ಅವರು ಬೀಡಿ ಸೇದುತ್ತ ಕೂತಿದ್ದರು. ಎಲ್ಲ ಹೇಳಿದೆ. ಇಪ್ಪತ್ಮೂರು ಎಂದು ಹೇಳಿದೆ, ಗುಂಡಿ ಒತ್ತಿದ್ದು ಹೇಳಿದೆ, ವಿಚಾರಣೆಯ ಕೋಣೆಯೊಳಗೆ ನಾನು ಏನು ಹೇಳಿ ಬಂದಿದ್ದೆ, ಹೊರಗೆ ಬೆಂಚಿನ ಹತ್ತಿರ ಏನು ಹೇಳಿದೆ, ಅದನ್ನೂ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದರು.

"ನಾನು ನಾಕು ಸಲ ಮುಳುಗ್ದೆ ಮೇಡಂ" ಎಂದರು. "ಬಾಗ್ಲು ಬರ್ನಿಲ್ಲ. ಒಳಗಡೆ ಅವರು ನನ್ನ ನೋಡ್ತಾ ಇದ್ರು."

ಆಮೇಲೆ ಅವರು ಎದ್ದು, ಟವೆಲ್ ಕೊಡವಿ, "ಇದ್ನ ನಮ್ಮನೆಯವಳ್ಗೆ ಬಂದು ಏಳಿ. ನಾ ಏಳಿದ್ರೆ ಅವಳು ನಂಬಾಕಿಲ್ಲ" ಎಂದು ಹೇಳಿ ಕೆಲಸಕ್ಕೆ ಹೋದರು.

ಮುಂದಿನ ಭಾನುವಾರ ಹೋದೆ. ಚನ್ನರಾಯಪಟ್ಟಣದ ಹೊರವಲಯದಲ್ಲಿ ಶೀಟಿನ ಮನೆ. ಅವರ ಹೆಂಡತಿ ಕೆಂಪಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಕೂತ್ಕೊಳ್ಳಿ ಎನ್ನಲಿಲ್ಲ. ಮುಗಿದ ಮೇಲೆ, "ಬರ್ದು ತನ್ನಿ" ಎಂದರು. "ಬಾಯಲ್ಲಿ ಏಳಿದ್ದನ್ನ ನೀವು ಒಂದ್ಸಲ ಬದಲಾಯಿಸಿದ್ದೀರಿ."

ಬರೆದೆ. ಎರಡು ಪುಟ. ಒಂದು ಪ್ರತಿಯನ್ನು ವಿಚಾರಣೆ ನಡೆಸಿದ ಕಚೇರಿಗೆ ಕೊಟ್ಟೆ. ಅಲ್ಲಿದ್ದವರು ಓದಿ, ಆ ಫೈಲು ಮುಗಿದು ಎಷ್ಟೋ ಕಾಲವಾಯಿತಲ್ಲ, ಈಗ ಇದನ್ನು ಯಾವುದಕ್ಕೆ ಸೇರಿಸೋದು ಎಂದರು. ಸೀಲು ಹಾಕಿಕೊಟ್ಟರು. ಇನ್ನೊಂದನ್ನು ಮೈಸೂರಿಗೆ, ಕ್ಯಾಪ್ಟನ್ ವಿನೋದ್ ಅವರ ಅಕ್ಕನಿಗೆ ಕಳಿಸಿದೆ. ಉತ್ತರ ಬಂದಿಲ್ಲ. ಬರಬೇಕು ಎಂದು ಬಯಸುವ ಹಕ್ಕೂ ನನಗಿಲ್ಲ. ಕಾಲೇಜಿಗೂ ತಿಳಿಸಿದ್ದೇನೆ, ಅವರು ಏನು ತೀರ್ಮಾನಿಸಿದರೂ ಸರಿ. ಇದರಿಂದ ಯಾರಿಗೆ ಏನು ತಿರುಗಿ ಬಂತು? ಕ್ಯಾಪ್ಟನ್ ಬರಲಿಲ್ಲ. ಜವರಯ್ಯನವರ ವಯಸ್ಸು ಬರಲಿಲ್ಲ. ಅವರು ಈಗ ಕೆರೆಯ ಏರಿಯ ಮೇಲೂ ನಡೆಯುವುದಿಲ್ಲವೆಂದು, ಸುತ್ತು ಹಾಕಿಕೊಂಡು ಹೋಗುತ್ತಾರೆಂದು ಕೆಂಪಮ್ಮ ಹೇಳಿದ್ದರು.

ಮೂರನೆಯ ಪ್ರತಿ ತೆಗೆದುಕೊಂಡು ಅವರ ಮನೆಗೆ ಹೋದೆ. ಕೆಂಪಮ್ಮ ಅಕ್ಕಪಕ್ಕದ ಮನೆಯವರನ್ನು ಕರೆದರು. ಹತ್ತು ಹನ್ನೆರಡು ಜನ ಬಂದು ನಿಂತರು. ಮಲ್ಲಿಪಟ್ಟಣದಿಂದ ಜವರಯ್ಯನವರ ತಮ್ಮನನ್ನೂ ಕರೆಸಿದ್ದರು. ಜವರಯ್ಯ ಒಳಗೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಕೆಂಪಮ್ಮ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ನೋಡಿ, ಮತ್ತೆ ನನ್ನ ಕೈಗೇ ಕೊಟ್ಟು, ಜೋರಾಗಿ ಓದಿ ಎಂದರು.

ಓದಿದೆ. ಅಧಿಕಾರಿ ಕೇಳಿದ ಪ್ರಶ್ನೆಯವರೆಗೆ ಓದಿದೆ. ನನ್ನ ಉತ್ತರ ಬರೆದಿದ್ದ ಸಾಲು ಬಂತು. ಹಾಳೆ ಕೆಳಗಿಳಿಸಿ ಒಳಗೆ ನೋಡಿದೆ — ಜವರಯ್ಯ ತಿರುಗಲಿಲ್ಲ. ಯಾರಾದರೂ ಸಾಕು ಎನ್ನಲಿ ಎಂದು ಕಾಯುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

"ಓದಿ" ಎಂದರು ಕೆಂಪಮ್ಮ.

ಓದಿದೆ.